ಸೀನಿಯರ್ ಟೀಮಿಗೆ ಆಯ್ಕೆಯಾದ ದಿನ

ಅಪ್ಪಾ,

ಇವತ್ತು ಫುಟ್‌ಬಾಲ್ ಕ್ಲಬ್ಬಿನವರು ನನ್ನನ್ನು ಜೂನಿಯರ್ ಹುಡುಗಿಯರ ತಂಡದಿಂದ ಸೀನಿಯರ್ ಟೀಮಿಗೆ ತೆಗೆದುಕೊಂಡರು. ಬಾಂದ್ರಾದ ಮೈದಾನದಲ್ಲಿ ಕೋಚ್ ಎಲ್ಲರೆದುರು ಹೆಸರು ಕರೆದು, "ಶಿವಕುಮಾರಿ, ಸಂಡೇ ಮ್ಯಾಚ್ ಮೇ ಮಮ್ಮಿ-ಪಪ್ಪಾ ಕೋ ಲಾನಾ" ಎಂದರು. ಭಾನುವಾರದ ಮ್ಯಾಚಿಗೆ ಅಪ್ಪ-ಅವ್ವನನ್ನು ಕರೆತರಬೇಕಂತೆ. ನಾನು ಹೂಂ ಅಂದೆ. ಹುಡುಗಿಯರು ಚಪ್ಪಾಳೆ ತಟ್ಟಿದರು. ಖುಷಿ ಆಗಬೇಕಿತ್ತು, ಆಗಲಿಲ್ಲ. ಬೂಟಿನ ಲೇಸ್ ಬಿಚ್ಚುತ್ತಾ ಕುಳಿತೆ.

ಆಂಟಾಪ್ ಹಿಲ್‌ನ ಮನೆಗೆ ಬಂದು ಅವ್ವನಿಗೆ ಹೇಳಿದೆ. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಿ, "ನಿಮ್ಮಪ್ಪ ಇದ್ದಿದ್ರ ಈ ಸಲನರೆ ನೋಡಾಕ ಬರ್ತಿದ್ನೇನ?" ಎಂದು ಕೇಳಿದಳು.

ನಾನು ಕರೆದಾಗಲೆಲ್ಲ ನೀನು, "ಹುಡುಗ್ಯಾರ ಆಟ ಏನ್ ನೋಡೂದೈತಿ" ಅನ್ನುತ್ತಿದ್ದೆ. ಆಮೇಲೆ ನಾನು ಕರೆಯುವುದನ್ನೇ ಬಿಟ್ಟೆ.

"ಬರ್ತಿದ್ದ ಬೇ. ಮುಂದಿನ ಸಾಲಿನ್ಯಾಗ ಕುಂದ್ರತಿದ್ದ," ಎಂದೆ.

ಅವ್ವ ತಲೆಯಾಡಿಸಿ ಮತ್ತೆ ರೊಟ್ಟಿ ಬಡಿಯತೊಡಗಿದಳು.