ಮಾತ್ರೆ ನಿಲ್ಲಿಸಿದ ಹೆಂಗಸು

ಉಳ್ಳೂರ್, ತಿರುವನಂತಪುರಂ
೧೮ ಜೂನ್ ೨೦೨೫

ಅಣ್ಣ ಕೃಷ್ಣಾನಂದನಿಗೆ ಕುಸುಮಾವತಿಯ ನಮಸ್ಕಾರ.

ನೀನು ಕಾಲೇಜಿಗೆ ಬರೆದ ದೂರಿನ ನಕಲು ನನ್ನ ಕೈಸೇರಿ ಮೂರು ವಾರವಾಯಿತು. ಉತ್ತರ ತಡವಾದದ್ದಕ್ಕೆ ಕ್ಷಮೆಯಿರಲಿ. ಬೈಗುಳವಿಲ್ಲದ ಕಾಗದ ಬರೆಯೋಣವೆಂದು ಕಾದೆ, ಆಗಲಿಲ್ಲ.

ಸೆಕ್ರೆಟೇರಿಯಟ್ಟಿನಿಂದ ನಿವೃತ್ತಳಾದ ಮೇಲೆ ಇಲ್ಲಿಯ ಫಾರ್ಮಸಿ ಕಾಲೇಜಿನಲ್ಲಿ ತಿಂಗಳಿಗೆರಡು ಸಲ ರೋಗಿಯಂತೆ ಮಲಗುತ್ತೇನೆ. ಮಕ್ಕಳು ನಾಡಿ ಹಿಡಿದು, ಹೊಟ್ಟೆ ಒತ್ತಿ, ಕಾಲಿನ ಬಾವು ನೋಡಿ ಕಲಿಯುತ್ತಾರೆ. ಅದನ್ನು ನೀನು ನಾಟಕದ ಚಟ ಎಂದು ಬರೆದಿದ್ದೀಯ. ನಿನ್ನ ಮಗಳನ್ನು ಎಲ್ಲರೆದುರು ಅಳಿಸಲೆಂದೇ ಹೋದೆನೆಂದೂ ಬರೆದಿದ್ದೀಯ. ಎರ್ನಾಕುಲಂ ಕೋರ್ಟಿನಲ್ಲೂ ಸಾಕ್ಷಿಯನ್ನು ಕೇಳದೆ ಹೀಗೇ ವಾದಿಸುತ್ತೀಯೋ ಏನೋ.

ಅಂದು ಯಾವ ತಂಡ ಬರುತ್ತದೆಂದು ನನಗೆ ಗೊತ್ತಿರಲಿಲ್ಲ. ನನಗೆ ಕೊಟ್ಟ ಪಾತ್ರ, ಬಿಪಿ ಮಾತ್ರೆ ನಿಲ್ಲಿಸಿದ ಹೆಂಗಸು. ಪರದೆ ಸರಿಸಿ ಬಂದವಳು ನಿನ್ನ ಮಗಳು ನಂದಿತಾ. ಅಮ್ಮನ ಉತ್ತರಕ್ರಿಯೆಯ ದಿನ, ನಿನ್ನ ಮನೆಯಲ್ಲಿ ಅಮ್ಮನಿಗೆ ನಿಜಕ್ಕೂ ಏನಾಯಿತೆಂದು ಕೇಳಿದ್ದಕ್ಕೆ ನೀನು ಮಾತು ಬಿಟ್ಟೆಯಲ್ಲ, ಆಮೇಲೆ ಅವಳನ್ನು ಕಂಡದ್ದು ಅದೇ ಮೊದಲು. ಟೀಚರ್ ಪಕ್ಕದಲ್ಲಿದ್ದರು. ನಾನೂ ಅವಳೂ ಗುರುತು ತೋರಿಸಲಿಲ್ಲ. ತೋಳಿಗೆ ಬಿಪಿ ಪಟ್ಟಿ ಸುತ್ತಿ, ಮಾತ್ರೆ ಯಾಕೆ ನಿಲ್ಲಿಸಿದಿರಿ ಎಂದು ಮಲಯಾಳದಲ್ಲಿ ಕೇಳಿದಳು. ಬರೆದುಕೊಟ್ಟ ಉತ್ತರವನ್ನೇ ಒಪ್ಪಿಸಿದೆ: ತಲೆಸುತ್ತು ಬರುತ್ತಿತ್ತು, ಇನ್ನು ಬೇಡವೆಂದು ಮಗ ಹೇಳಿದ.

ಅವಳು ಪಟ್ಟಿಯ ಗಾಳಿ ಬಿಡುವುದನ್ನೇ ಮರೆತಳು. ನನ್ನ ಬೆರಳುಗಳು ಜೋಮು ಹಿಡಿದವು. ಆಮೇಲೆ ಮೆಲ್ಲಗೆ, ಕನ್ನಡದಲ್ಲಿ ಹೇಳಿದಳು.

"ಅತ್ತೆ, ಅಜ್ಜಿಯ ಮಾತ್ರೆಯೂ ಅಪ್ಪನೇ ನಿಲ್ಲಿಸಿದ್ದು. ಡಾಕ್ಟರತ್ರ ಕೇಳ್ಲೇ ಇಲ್ಲ. ಹನ್ನೊಂದು ದಿನದಲ್ಲಿ ಅಜ್ಜಿ ಬಿದ್ರು."

ಹೇಳಿ ಅತ್ತಳು. ಅಮ್ಮ ನಿದ್ದೆಯಲ್ಲೇ ಹೋದಳೆಂದು ನೀನು ನನಗೆ ಹೇಳಿದ್ದೆ.

ಪ್ರಾಂಶುಪಾಲರು ನನ್ನ ಹೆಸರು ತೆಗೆದಿಲ್ಲ. ಗುರುವಾರ ಮತ್ತೆ ಹೋಗುತ್ತೇನೆ. ನಂದಿತಾ ಹಾಸ್ಟೆಲ್ ಬಿಟ್ಟು ನನ್ನ ಮನೆಗೆ ಬಂದಿದ್ದಾಳೆ. ಕರೆದೊಯ್ಯಲು ಬರಬೇಡ, ಬಾಗಿಲು ತೆಗೆಯುವುದಿಲ್ಲ.

ಅತ್ತಿಗೆಯನ್ನು ಕೇಳಿದೆನೆಂದು ಹೇಳು. ನಿನಗೆ ದೇವರು ದೀರ್ಘಾಯುಷ್ಯ ಕೊಡಲಿ, ಇದನ್ನೆಲ್ಲ ನೆನೆಯಲು ಬೇಕಾದಷ್ಟು.

ತಂಗಿ,
ಕುಸುಮಾವತಿ

ಮರೆತಿದ್ದೆ, ನಂದಿತಾ ಹೇಳಿದ್ದು: ಬಿದ್ದ ಮೇಲೂ ಅಮ್ಮನಿಗೆ ಎರಡು ದಿನ ಮಾತಿತ್ತಂತೆ. ಕುಸುಮ ಹೊರಟಳಾ ಎಂದು ಕೇಳುತ್ತಿದ್ದಳಂತೆ. ದಾರಿಯಲ್ಲಿದ್ದಾಳೆ ಎನ್ನುತ್ತಿದ್ದೆಯಂತೆ ನೀನು. ನನಗೆ ನಿನ್ನ ಫೋನ್ ಬಂದದ್ದು ಮೂರನೆಯ ದಿನ, ಎಲ್ಲ ಮುಗಿದ ಮೇಲೆ. ಇಲ್ಲಿಂದ ಅಲ್ಲಿಗೆ ರೈಲಿನಲ್ಲಿ ನಾಲ್ಕು ಗಂಟೆ, ಅಣ್ಣ.