ಸುಕ್ರನ ಕಾರ್ಡಿನಲ್ಲಿ ಒಂದಕ್ಷರ

ಕಾರವಾರ,
ತಾ. ೧೭ನೇ ನವೆಂಬರ ೧೯೩೬, ಮಂಗಳವಾರ

ಚಿ. ಸೌ. ಕಲಾವತಿಗೆ ಅಣ್ಣ ಮಾದೇವನ ಅನೇಕ ಆಶೀರ್ವಾದಗಳು.

ಕಾರವಾರ ಶಹರ ಮತ್ತು ತಾಲೂಕಿನ ಸಮಸ್ತ ಪ್ರಜೆಗಳಿಗೂ, ಘಟ್ಟದ ಮೇಲೆ ಧಾರವಾಡದಲ್ಲಿ ವಾಸ ಮಾಡಿಕೊಂಡಿರುವ ನನ್ನ ಒಬ್ಬಳೇ ತಂಗಿಗೂ ಈ ಮೂಲಕ ಜಾಹೀರು ಮಾಡುವುದೇನೆಂದರೆ: ಸದರಿ ಮಾದೇವ, ವಯಸ್ಸು ಐವತ್ತೆರಡು, ಜಾತಿ ಕ್ರಿಸ್ತ, ಉದ್ಯೋಗ ಕಾರಕೂನಿಕೆ, ಕಳೆದ ಬುಧವಾರ ಬೆಳಿಗ್ಗೆ ಹತ್ತೂಮುಕ್ಕಾಲು ಗಂಟೆಗೆ ನಶ್ಯ ಏರಿಸುವುದನ್ನು ಸ್ವಸಂತೋಷದಿಂದ, ಯಾರ ಒತ್ತಾಯವೂ ಇಲ್ಲದೆ, ಆಚಂದ್ರಾರ್ಕವಾಗಿ ಬಿಟ್ಟಿರುತ್ತಾನೆ. ಹನ್ನೊಂದೂವರೆಗೆ ಮತ್ತೆ ಹಿಡಿದಿರುತ್ತಾನೆ. ನಡುವಿನ ಮುಕ್ಕಾಲು ಗಂಟೆ ಅವನು ಪರಿಶುದ್ಧನಾಗಿದ್ದನೆಂಬುದಕ್ಕೆ ಕಚೇರಿಯ ಇಬ್ಬರು ಜವಾನರು ಸಾಕ್ಷಿ. ನಿನ್ನ ಅತ್ತಿಗೆಯ ಸಾಕ್ಷಿ ಬೇರೆ: "ಬಿಟ್ಟದ್ದು ನಶ್ಯವೋ ಬುದ್ಧಿಯೋ, ಸರಿಯಾಗಿ ನೋಡಿಕೊಳ್ಳಿ."

ನಿನ್ನ ಎರಡು ಪತ್ರ, ಒಂದು ಗಂಟು ಹಪ್ಪಳ ಬಂದು ತಿಂಗಳ ಮೇಲಾಯಿತು. ಹಪ್ಪಳಕ್ಕೆ ಅಂದೇ ನ್ಯಾಯ ಸಿಕ್ಕಿತು, ಪತ್ರಗಳಿಗೆ ಸಿಗಲಿಲ್ಲ. ತಪ್ಪಾಯಿತು, ತಂಗೀ. ನಾಲ್ಕು ಸಲ ಕಾಗದ ಹಿಡಿದು ಕೂತೆ. ಕೂತಾಗಲೆಲ್ಲ ಲೇಖನಿ ನಮ್ಮ ವಾರಪತ್ರಿಕೆಯ ಅಂಕಣದ ಕಡೆಗೇ ಓಡಿತು. ಹದಿನೈದು ವರ್ಷ ವಾರಕ್ಕೊಮ್ಮೆ ಊರನ್ನು ನಗಿಸಿದ ಲೇಖನಿಗೆ ನೆಟ್ಟಗೆ ನಡೆಯುವುದು ಮರೆತುಹೋಗಿದೆ. ಮೇಲೆ ನಶ್ಯದ ಹತ್ತಿರವೂ ಸ್ವಲ್ಪ ಕುಣಿಯಿತು, ನೋಡಿದೆಯಲ್ಲ. ಇನ್ನು ಬಿಗಿಯಾಗಿ ಹಿಡಿಯುತ್ತೇನೆ.

ನಶ್ಯದ ಪ್ರಕರಣಕ್ಕೆ ಕಾರಣ ನಮ್ಮ ಪಾದ್ರಿಯವರು. ದಶಂಬರದ ಮೊದಲ ಆಯತವಾರ ಕರ್ತನ ಭೋಜನ, ಸಭೆಯವರಿಗೆಲ್ಲ ರೊಟ್ಟಿ, ದ್ರಾಕ್ಷಾರಸ ಕೊಡುವ ದಿನ. ಅದಕ್ಕೆ ಮೊದಲು ಪ್ರತಿಯೊಬ್ಬರೂ ತಮ್ಮನ್ನು ತಾವೇ ಪರೀಕ್ಷಿಸಿಕೊಳ್ಳಬೇಕು, ಈ ಸಲ ಬಾಯಲ್ಲಿ ಹೇಳಿದರೆ ಸಾಲದು, ಕಾಗದದ ಮೇಲೆ ಬರೆದಿಟ್ಟುಕೊಳ್ಳಬೇಕು ಎಂದು ಅಪ್ಪಣೆಯಾಯಿತು. ಬರೆಯುವುದು ಎಂದರೆ ನನಗೆ ಹೇಳಬೇಕೇ. ಒಳ್ಳೇ ಕಚೇರಿ ಕಾಗದ ತಂದು, ಅಂಚು ಮಡಿಚಿ, ಅಂಕಿ ಹಾಕಿ ಬರೆದೆ. ಒಂದು, ನಶ್ಯ. ಎರಡು, ಹೆಡ್ ಕಾರಕೂನರ ಖುರ್ಚಿಯ ಮೇಲೆ ಕಣ್ಣು. ಮೂರು, ಪ್ರಾರ್ಥನೆಯ ನಡುವೆ ಅಂಕಣದ ವಿಷಯ ಹುಡುಕುವುದು. ನಾಲ್ಕನೆಯದಕ್ಕೆ ಪಾಪ ಸಾಲದೆ ನಿಂತೆ. ಪರೀಕ್ಷಕನೂ ನಾನೇ, ಪರೀಕ್ಷೆಗೆ ಕೂತವನೂ ನಾನೇ. ಮೂರನೇ ದರ್ಜೆಯಲ್ಲಿ ಪಾಸು ಮಾಡಿಕೊಂಡು ಕಾಗದ ಮಡಿಚಿಟ್ಟೆ.

ಶುಕ್ರವಾರ ಅಂಕೋಲೆಯಿಂದ ದುರ್ಗಿ ಬಂದಳು.

ಅದಕ್ಕೆ ಮೊದಲು ನಿನಗೆ ಒಂದು ಸುದ್ದಿ ಹೇಳಬೇಕು. ನಮ್ಮ ಸುಕ್ರ ತೀರಿಕೊಂಡ. ಅಂಕೋಲೆಯ ಏಳು ಮನೆ ಕ್ರಿಸ್ತರಲ್ಲಿ ಎಲ್ಲರಿಗಿಂತ ಎತ್ತರದವನು, ಒಡೆಯರ ಗದ್ದೆ ಮಾಡಿಕೊಂಡಿದ್ದವನು. ನಿನ್ನ ಮದುವೆಗೆ ಹಿಂದಿನ ವರ್ಷ ನೀನು ಅಂಕೋಲೆಗೆ ಬಂದಾಗ ನಿನ್ನ ಪೆಟ್ಟಿಗೆಯನ್ನು ಮೋಟಾರು ಸ್ಟ್ಯಾಂಡಿನಿಂದ ತಲೆಯ ಮೇಲೆ ಹೊತ್ತು, "ಅಕ್ಕೋರ ಪೆಟ್ಟಿಗೆಲಿ ಪುಸ್ತಕ ಬಿಟ್ರೆ ಒಂದ್ ಸೀರೆನೂ ಇಲ್ಲ ಕಾಣ್ತದೆ" ಅಂದವನು. ಅವನಿಗೆ ನಲವತ್ತು ದಾಟಿದ ಮೇಲೆ ನಾನೇ ಅಕ್ಷರ ಕಲಿಸಿದ್ದು. ತಿಂಗಳಿಗೊಂದು ಆಯತವಾರ ಪಾದ್ರಿಯವರ ಸಂಗಡ ವಾಕ್ಯ ಓದಲು ಅಂಕೋಲೆಗೆ ಹೋಗುತ್ತಿದ್ದೆನಲ್ಲ, ಆಗ. ಹೋದ ತಿಂಗಳ ಕೊನೆಗೆ ಜ್ವರ ಬಂತು, ಒಂಬತ್ತು ದಿನ ಇದ್ದ, ಹೋದ. ಸುದ್ದಿ ಬಂದ ಬೆಳಿಗ್ಗೆ ಮೋಟಾರು ಹಿಡಿದು ಹೋದೆ. ಅರ್ಗಾ ಬಂತು, ತೋಡೂರು ಬಂತು, ಆ ದಾರಿಯಲ್ಲೆಲ್ಲ ಯಾರನ್ನಾದರೂ ನಗಿಸುತ್ತಾ ಹೋಗುವ ನಾನು ಸುಮ್ಮನೆ ಕೂತಿದ್ದನ್ನು ಕಂಡು ಡ್ರೈವರನೇ ತಿರುಗಿ, "ಏನ್ರಾ, ಹಲ್ಲುನೋವಾ?" ಎಂದು ಕೇಳಿದ.

ಮಣ್ಣು ಮಾಡುವಾಗ ಪಾದ್ರಿಯವರು ಪ್ರಾರ್ಥನೆ ಮಾಡಿದರು. ಆದರೆ ಮಾತು ಎಳೆದೆಳೆದು ಬರುತ್ತಿತ್ತು. ಕಾರಣ ಊರಿಗೆಲ್ಲ ಗೊತ್ತು. ಸುಕ್ರ ದೀಕ್ಷಾಸ್ನಾನ ತೆಗೆದುಕೊಂಡವನು, ಒಂದು ಆಯತವಾರ ತಪ್ಪಿಸಿದವನಲ್ಲ, ಆದರೆ ಒಂಬತ್ತು ವರ್ಷದಲ್ಲಿ ಒಮ್ಮೆಯೂ ಕರ್ತನ ಮೇಜಿನ ಹತ್ತಿರ ಬಂದವನಲ್ಲ. ರೊಟ್ಟಿ ಹಂಚುವ ದಿನ ಹಿಂದಿನ ಗೋಡೆಗೆ ಒರಗಿ ಕೂತಿರುತ್ತಿದ್ದ. ಕೇಳಿದರೆ, "ಹೊಟ್ಟೆ ಸಮಾ ಇಲ್ರಾ" ಎನ್ನುತ್ತಿದ್ದ. ಒಂಬತ್ತು ವರ್ಷದ ಹೊಟ್ಟೆನೋವು ಎಂದು ನಾನು ಎಷ್ಟು ಕಡೆ ಹೇಳಿ ನಗಿಸಿದ್ದೇನೋ ಲೆಕ್ಕವಿಲ್ಲ. ಸಾಯುವ ಹಿಂದಿನ ದಿನ ಪಾದ್ರಿಯವರೇ ರೊಟ್ಟಿ, ದ್ರಾಕ್ಷಾರಸ ಹಿಡಿದುಕೊಂಡು ಅವನ ಹಾಸಿಗೆಯ ಹತ್ತಿರ ಹೋದರಂತೆ. ಗೋಡೆಯ ಕಡೆ ತಿರುಗಿ ಮಲಗಿದನಂತೆ. "ಬ್ಯಾಡ್ರಾ, ದ್ರೋಹ ಆಗ್ತದೆ" ಅಂದನಂತೆ. ಎದೆ ಕಲ್ಲಾಗಿತ್ತು, ಅಂದರು ಪಾದ್ರಿಯವರು. ಹೌದು ಎಂದು ನಾನೂ ತಲೆಯಾಡಿಸಿದೆ.

ಈಗ ಶುಕ್ರವಾರ. ದುರ್ಗಿ, ಅವನ ಹೆಂಡತಿ, ಜಗಲಿಯ ಮೇಲೆ ಕೂತಳು. ನಿನ್ನ ಅತ್ತಿಗೆ ಚಹಾ ಕೊಟ್ಟಳು. ಅರ್ಧ ಕುಡಿದು, ಸೆರಗಿನ ಗಂಟಿನಿಂದ ಒಂದು ಕಾರ್ಡು ತೆಗೆದಳು. ಎಣ್ಣೆ ಕುಡಿದು ಕಂದಾಗಿತ್ತು. ನೋಡಿದ ಕೂಡಲೇ ಗುರುತು ಹಿಡಿದೆ, ನನ್ನದೇ ಅಕ್ಷರ. ಒಂಬತ್ತು ವರ್ಷದ ಹಿಂದೆ, ಸುಕ್ರನ ಮೊದಲ ಕರ್ತನ ಭೋಜನ ಆಗಬೇಕಿದ್ದ ದಿನಕ್ಕೆ ಹದಿನೈದು ದಿನ ಮುಂಚೆ, ಪರೀಕ್ಷಿಸಿಕೊಳ್ಳುವುದರ ಬಗ್ಗೆ ಸತ್ಯವೇದದಲ್ಲಿ ಪೌಲ ಬರೆದ ವಾಕ್ಯಗಳನ್ನು ಎಲ್ಲರೂ ಬಾಯಿಪಾಠ ಮಾಡಬೇಕು ಎಂದಿದ್ದರು ಪಾದ್ರಿಯವರು. ಉಳಿದವರು ಕೇಳಿ ಕಲಿತರು. ಸುಕ್ರ, "ನಂಗೆ ಬರ್ದೇ ಕೊಡಿ ಮಾಸ್ತರ್ರಾ, ನಾ ಓದೂಕ್ ಬರೂವವ" ಎಂದು ಎದೆ ಸೆಟೆಸಿ ಕೇಳಿದ್ದ. ಹುಣಿಸೆ ಬೀಜದಷ್ಟು ದೊಡ್ಡ ಅಕ್ಷರದಲ್ಲಿ ಬರೆದುಕೊಟ್ಟಿದ್ದೆ. ಬೆಳಗಿನಿಂದ ಸಂಜೆಯವರೆಗೆ ಕಚೇರಿಯಲ್ಲಿ ನಕಲು ತೆಗೆದು, ಪ್ರತಿ ನಕಲಿನ ಕೆಳಗೆ "ಅಸಲಿನಂತೆ ಇದೆ, ತಾಳೆ ನೋಡಿದೆ" ಎಂದು ರುಜು ಹಾಕುವ ಕೈ ನನ್ನದು.

"ಅಂವ ಹಾಸಿಗಿ ಅಡಿಗೆ ಇಟ್ಕಂಡಿದ್ದ," ಅಂದಳು ದುರ್ಗಿ. "ಜತಿಗೇ ಮಣ್ಣಿಗೆ ಹಾಕ್ವಾ ಅಂದ್ಕಂಡೆ, ಮನಸ್ ಬರ್ಲಿಲ್ಲ. ಏನ್ ಬರ್ದದೆ, ಒಂದ್ ಸಲ ಓದಿ ಹೇಳಿ. ಅಂವ ಓದೂದು ಕೇಳಿ ಕೇಳಿ ಅಭ್ಯಾಸ ಆಗೋಗದೆ. ಈಗ ಮನೆಲಿ ಸದ್ದೇ ಇಲ್ಲ."

ಕಾರ್ಡು ಕೈಯಲ್ಲಿ ಹಿಡಿದು, ಅದರ ಮೇಲೆ ಕಣ್ಣು ಹಾಕದೆಯೇ ಓದಿದೆ. ಮೂವತ್ತು ವರ್ಷದಿಂದ ಬಾಯಿಗೆ ಬಂದ ವಾಕ್ಯ. ಯಾವನು ಅಯೋಗ್ಯವಾಗಿ ಆ ರೊಟ್ಟಿಯನ್ನು ತಿನ್ನುತ್ತಾನೋ, ಎಂದು ಶುರುಮಾಡಿದ್ದೆ ಅಷ್ಟೇ, ಅವನು ಕರ್ತನ ದೇಹಕ್ಕೆ ದ್ರೋಹ ಮಾಡಿದವನಾಗುವನು ಎಂಬಲ್ಲಿಗೆ ಇನ್ನೂ ಬಂದಿರಲಿಲ್ಲ.

"ಹಂಗಲ್ರಾ ಅದು."

"ಮತ್ತೆ ಹೇಗೆ?"

"ನೀವು ಅಯೋಗ್ಯವಾಗಿ ಅಂದ್ರಿ. ಅಂವ ಅಯೋಗ್ಯನಾಗಿ ಅಂತಿದ್ದ. ನಂಗೆ ಓದೂಕ್ ಬರೂದಿಲ್ಲ, ಕಿವಿ ಅದೆ."

ಕಾರ್ಡು ನೋಡಿದೆ. ಕಲಾವತಿ, ಅಯೋಗ್ಯನಾಗಿ ಎಂದೇ ಇತ್ತು. 'ವ' ಇರಬೇಕಾದಲ್ಲಿ ದುಂಡಗೆ, ಚಂದವಾಗಿ, ತಿದ್ದಿ ಬರೆದ 'ನ'.

ನೀನು ಮಾಸ್ತರರ ಹೆಂಡತಿ, ನಿನಗೆ ಬಿಡಿಸಿ ಹೇಳಬೇಕಾಗಿಲ್ಲ. ಆದರೂ ಹೇಳಿಕೊಳ್ಳುತ್ತೇನೆ, ನನಗೆ ನಾನೇ. 'ವಾಗಿ' ಎಂದರೆ ತಿನ್ನುವ ರೀತಿ ಕೆಟ್ಟದ್ದು. 'ನಾಗಿ' ಎಂದರೆ ತಿನ್ನುವ ಮನುಷ್ಯನೇ ಕೆಟ್ಟವನು. ರೀತಿ ತಪ್ಪಿದರೆ ಮುಂದಿನ ಸಲ ತಿದ್ದಿಕೊಳ್ಳಬಹುದು. ಮನುಷ್ಯನೇ ಅಯೋಗ್ಯನಾದರೆ ಗೋಡೆಗೆ ಒರಗಿ ಕೂರಬೇಕು.

ದುರ್ಗಿ ಚಹಾ ಮುಗಿಸುತ್ತಾ ಹೇಳುತ್ತಿದ್ದಳು: "ಅಂವ್ನ ಒಡೇರು ದಿನಾ ಕರಿಯೂದೂ ಅದೇ ಹೆಸ್ರು ಅಲ್ದಾ. ಏ ಅಯೋಗ್ಯಾ, ನೀರ್ ಬಿಟ್ಯಾ, ಏ ಅಯೋಗ್ಯಾ, ಎತ್ತು ಎಲ್ಲಿ. ದೇವ್ರ ಪುಸ್ತಕದಲ್ಲೂ ಅದೇ ಬರ್ದದೆ ದುರ್ಗಿ, ಅಂದ್ರೆ ಒಡೇರು ಸುಳ್ಳು ಹೇಳ್ಲಿಲ್ಲ, ಅಂತಿದ್ದ." ಆಮೇಲೆ ಕೇಳಿದಳು: "ಯಾವ್ದು ಸಮಾ ಮಾಸ್ತರ್ರಾ? ನೀವು ಅಂದದ್ದಾ, ಅಂವ ಅಂದದ್ದಾ?"

"ಎರಡೂ ಒಂದೇ," ಅಂದೆ.

"ಒಂದೇಯಾ. ಹಂಗಾರೆ ಅಡ್ಡಿಲ್ಲ." ಕಾರ್ಡು ತೆಗೆದುಕೊಂಡು ಸೆರಗಿಗೆ ಗಂಟು ಹಾಕಿ, ಮೂರು ಗಂಟೆ ಮೋಟಾರಿಗೆ ಹೊರಟುಹೋದಳು.

ಅವಳು ತಿರುವಿನಾಚೆ ಹೋದದ್ದೇ ನಾನು ಪುಸ್ತಕಗಳಿಗೆ ಬಿದ್ದೆ. ನನ್ನ ಉದ್ದೇಶ ಭಕ್ತಿಯದಲ್ಲ, ವಕೀಲಿಯದು. ಮೂಲದಲ್ಲೇ ತಪ್ಪಿರಬೇಕು, ತರ್ಜುಮೆ ಮಾಡಿದ ಪಂಡಿತರೇ ಎಡವಿರಬೇಕು, ನಾನು ನಿಷ್ಠೆಯಿಂದ ಆ ಎಡವಟ್ಟನ್ನು ನಕಲು ಮಾಡಿರಬೇಕು ಎಂದು ಆಸೆ. ಈಚೆಗೆ ಬಂದ ಹೊಸ ತರ್ಜುಮೆಯನ್ನು ಆಷಾಢದಲ್ಲಿ ಅಂಕಣ ತುಂಬ ಗೇಲಿ ಮಾಡಿದ್ದೆ, ಸತ್ಯವೇದಕ್ಕೆ ಹೊಸ ಅಂಗಿ ಹೊಲಿಸಿದ್ದಾರೆ, ತೋಳು ಉದ್ದವಾಯಿತು ಅಂತೆಲ್ಲ. ಅದನ್ನು ತೆಗೆದೆ: 'ವಾಗಿ'. ಅಪ್ಪನ ಕಾಲದ ಹಳೇ ತರ್ಜುಮೆ, ಅವನು ಅಂಚಿನಲ್ಲಿ ಗೆರೆ ಎಳೆದದ್ದು, ಅದರಲ್ಲಾದರೂ ತಪ್ಪಿರಲಿ ಎಂದು ಬೇಡಿಕೊಂಡೆ. ಅಲ್ಲಿಯೂ 'ವಾಗಿ'. ಪಾದ್ರಿಯವರ ಮನೆಗೆ ಓಡಿಹೋಗಿ ಮರಾಠಿ ನೋಡಿದೆ, ಇಂಗ್ಲಿಷು ನೋಡಿದೆ. ಎಲ್ಲ ಕಡೆ ರೀತಿಯ ಮಾತೇ, ಮನುಷ್ಯನ ಮಾತಿಲ್ಲ. ನಾಲ್ಕು ಪುಸ್ತಕ, ಮೂರು ಭಾಷೆ, ಎಷ್ಟೋ ಮಂದಿ ಪಂಡಿತರು, ಒಬ್ಬನೂ ನನಗಾಗಿ ತಪ್ಪಿರಲಿಲ್ಲ.

ಕೆಲಸ ಏನೆಂದು ಹೇಳದೆ ಪಾದ್ರಿಯವರನ್ನು ಅರ್ಥ ಕೇಳಿದೆ. ಸಂತೋಷದಿಂದ ಹೇಳಿದರು. ಪೌಲ ಆ ಮಾತು ಬರೆದು ಕಳಿಸಿದ ಊರಿನ ಸಭೆಯಲ್ಲಿ ಉಳ್ಳವರು ಮೊದಲೇ ಬಂದು ತಿಂದು ಕುಡಿದು ಮುಗಿಸುತ್ತಿದ್ದರಂತೆ. ಕೂಲಿಯ ಮಂದಿ ಕೆಲಸ ಮುಗಿಸಿ ಬರುವಷ್ಟರಲ್ಲಿ ಏನೂ ಉಳಿದಿರುತ್ತಿರಲಿಲ್ಲ. ಆ ನಡತೆಗೆ ಪೌಲ ಬೈದದ್ದು. "ಹಸಿದವನನ್ನು ಹಾಗೇ ಕೂರಿಸಿ ತಿನ್ನುತ್ತೀರಲ್ಲ, ಅದೇ ಅಯೋಗ್ಯವಾಗಿ ತಿನ್ನುವುದು, ಮಾದೇವರಾಯರೇ. ಎಷ್ಟು ಮಂದಿಗೆ ಇದು ತಿಳಿಯುವುದಿಲ್ಲ ನೋಡಿ" ಅಂದರು. ಹೌದು ಎಂದೆ. ಒಂಬತ್ತು ವರ್ಷ ಗೋಡೆಯ ಹತ್ತಿರ ಕೂತವನ ಎದುರಿಗೆ ನಾನು ತಿಂದು ಬಂದಿದ್ದೆ.

ಈಗ ಏನು ಮಾಡಲಿ, ಹೇಳು. ದುರ್ಗಿಗೆ ನಿಜ ಹೇಳಿದರೆ, ಗಂಡ ಸಾಯುವಾಗ ಗೋಡೆಗೆ ತಿರುಗಿದ್ದು ಒಂದು ಅಕ್ಷರಕ್ಕಾಗಿ ಎಂದು ತಿಳಿದು ಅವಳು ಉಳಿದ ದಿನ ಹೇಗೆ ಕಳೆಯುತ್ತಾಳೆ? ಹೇಳದಿದ್ದರೆ, ಆ ಕಾರ್ಡು ಅವಳ ಸೆರಗಿನಲ್ಲಿ ಹಾಗೇ ಇರುತ್ತದೆ. ತಾನೂ ಅಂಥವನ ಹೆಂಡತಿ ಎಂದುಕೊಂಡು ಅವಳೂ ಗೋಡೆಗೆ ಒರಗಿಯೇ ಕೂರುತ್ತಾಳೆ. ನಿನ್ನೆ ಅಂಕೋಲೆಯ ಮೋಟಾರು ಹತ್ತಿದೆ. ಬಿಣಗಾದಲ್ಲಿ ಇಳಿದು ನಡೆದುಕೊಂಡು ವಾಪಸು ಬಂದೆ. ಕಾಲಿಗೆ ಬೊಬ್ಬೆ ಬಂತು, ಅದು ಬಿಟ್ಟರೆ ಏನೂ ಆಗಲಿಲ್ಲ.

ದಶಂಬರದ ಆಯತವಾರಕ್ಕೆ ನಾನು ಮೇಜಿನ ಹತ್ತಿರ ಹೋಗುವುದಿಲ್ಲ ಎಂದು ನಿನ್ನ ಅತ್ತಿಗೆಗೆ ಹೇಳಿದೆ. ಯಾಕೆ ಎಂದಳು. ಹೊಟ್ಟೆ ಸರಿಯಿಲ್ಲ ಎಂದೆ. 'ವ' ಯಾವುದು, 'ನ' ಯಾವುದು ಎಂದು ಚೆನ್ನಾಗಿ ಗೊತ್ತಿದ್ದವನಿಗೂ ಕಾಲು ಏಳುವುದಿಲ್ಲ, ತಂಗೀ. ತರ್ಜುಮೆ ಸರಿಯಾಗಿದೆ ಎಂದು ತಿಳಿಯುವುದರಿಂದ ಏನೂ ಸರಿಯಾಗಲಿಲ್ಲ.

ಉಳಿದಂತೆ ಎಲ್ಲರೂ ಕ್ಷೇಮ. ಶಿರವಾಡದ ನಮ್ಮ ತೆಂಗು ಈ ವರ್ಷ ಚೆನ್ನಾಗಿ ಹಿಡಿದಿದೆ. ನಿನ್ನ ಯಜಮಾನರಿಗೆ ನಮಸ್ಕಾರ. ಮಕ್ಕಳಿಗೆ ದೇವರು ಆಯುಷ್ಯ ಕೊಡಲಿ, ಒಳ್ಳೇ ಕಿವಿ ಕೊಡಲಿ, ನನ್ನ ನಾಲಿಗೆ ಮಾತ್ರ ಬಾರದಿರಲಿ. ನೀನು ನೂರು ಕಾಲ ಸುಖವಾಗಿರು.

ನಿನ್ನ ಅಣ್ಣ,
ಮಾದೇವ

ತಾ. ಕ. ಲಕೋಟೆ ಅಂಟಿಸಿದವನು ಮತ್ತೆ ಬಿಚ್ಚಿದ್ದೇನೆ. ಮೇಲೆ ಬರೆದದ್ದೆಲ್ಲ ನಿಜ, ಆದರೆ ಒಂದು ಮಾತು ಬಿಟ್ಟು ಬರೆದೆ. ಪಾಪ, ಅಣ್ಣನ ಕೈ ತಪ್ಪಿತಷ್ಟೇ ಎಂದು ನೀನು ನನಗಾಗಿ ಮರುಗಲಿ ಎಂದು ಬಿಟ್ಟೆ. ಕೈ ತಪ್ಪುವುದು ಯಾರಿಗಾದರೂ ಆಗುತ್ತದೆ.

ಸುಕ್ರ ನನ್ನನ್ನು ಕೇಳಿದ್ದ. ಕಾರ್ಡು ಕೊಟ್ಟ ಮರುವಾರವೇ, ಭೋಜನ ಹತ್ತಿರ ಬಂತೆಂದು ಆ ತಿಂಗಳು ಇನ್ನೊಮ್ಮೆ ಹೋದಾಗ, ಅಂಕೋಲೆಯ ಪ್ರಾರ್ಥನೆಯ ಮನೆಯ ಮೆಟ್ಟಿಲ ಮೇಲೆ. ನೀನೂ ಇದ್ದೆ, ಆ ಏಳು ಮನೆಯವರಲ್ಲಿ ಹೊನ್ನಿ ಇದ್ದಳು, ಜಟ್ಟಿ ಇದ್ದ, ಇನ್ನೂ ನಾಲ್ಕೈದು ಮಂದಿ. ಅವನು ಕಾರ್ಡಿನ ಮೇಲೆ ಬೆರಳಿಟ್ಟು, "ಮಾಸ್ತರ್ರಾ, ಇದು ಬರ್ದದ್ದು ಸಮಾ ಅದೆ ಅಲ್ದಾ? ಈ ಅಯೋಗ್ಯ ಅಂದ್ರೆ ಯಾರು, ನಾನೇಯಾ?" ಅಂದ. ಬೆರಳು ಆ ಅಕ್ಷರದ ಮೇಲೆಯೇ ಇತ್ತು. ಬಗ್ಗಿ ನೋಡಿದ್ದರೆ ಸಾಕಿತ್ತು. ಮಂದಿ ಸೇರಿದ್ದರು, ನನ್ನ ಬಾಯಿಗೆ ಒಳ್ಳೇ ಮಾತು ಬಂದಿತ್ತು. "ಮತ್ತೆ ಯಾರು ಮಾರಾಯಾ? ಪೌಲ ಒಂದು ದಿನ ಅಂಕೋಲೆಗೆ ಬಂದಿದ್ದ, ನಿನ್ನ ಮೋರೆ ನೋಡಿಕೊಂಡೇ ಅದನ್ನು ಬರೆದದ್ದು" ಅಂದೆ. ಎಲ್ಲರೂ ನಕ್ಕರು. ಆ ವಾರ ಹೆಸರು ಬದಲಿಸಿ ಅಂಕಣಕ್ಕೂ ಹಾಕಿದೆ, ಸಂಪಾದಕರು ಬೆನ್ನು ತಟ್ಟಿದರು.

ಸುಕ್ರನೂ ನಕ್ಕ ಎಂದು ಇಷ್ಟು ವರ್ಷ ತಿಳಿದುಕೊಂಡಿದ್ದೆ. ಈ ನಾಲ್ಕು ದಿನ ಎಷ್ಟು ಸಲ ನೆನಪು ಮಾಡಿಕೊಂಡರೂ ಅವನ ಮುಖ ಕಾಣುತ್ತಿಲ್ಲ, ನಗುತ್ತಿರುವ ಉಳಿದವರೇ ಕಾಣುತ್ತಾರೆ. ನೀನು ಅವನ ಎದುರಿನ ಮೆಟ್ಟಿಲ ಮೇಲೆ ನಿಂತಿದ್ದೆ. ಅವನು ನಕ್ಕನೋ ಇಲ್ಲವೋ, ನಿನಗೆ ನೆನಪಿದ್ದರೆ ಒಂದು ಸಾಲು ಬರೆ. ಮನೆಗೆ ಹಾಕಬೇಡ, ಅತ್ತಿಗೆ ಒಡೆದು ಓದುತ್ತಾಳೆ. ಕಚೇರಿಯ ವಿಳಾಸಕ್ಕೆ ಹಾಕು.