ಕೇಳಿ ಪಡೆದ ಏಟು

ಅಪ್ಪಾ,

ಇವತ್ತು ನಮ್ಮ ಕಂಪನಿ ಹೊಸಬರನ್ನೆಲ್ಲ ಝೆನ್ ಮಂದಿರದಲ್ಲಿ ಧ್ಯಾನಕ್ಕೆ ಕೂರಿಸಿತು. ಮನಸ್ಸು ಎಚ್ಚರವಾಗಲೆಂದು, ಕೈಮುಗಿದು ಕೇಳಿಕೊಂಡವರ ಹೆಗಲಿಗೆ ಮಾತ್ರ ಭಿಕ್ಷು ಕೋಲಿನಿಂದ ಹೊಡೆಯುತ್ತಾನೆ. ಕೇಳಲೇಬಾರದೆಂದು ಶಪಥ ಮಾಡಿ ಹೋಗಿದ್ದೆ. ಬುದ್ಧನ ಮೌನವನ್ನು ಧಣಿಗಳು ಕದ್ದು ನಮ್ಮ ಬಾಯಿ ಮುಚ್ಚಿಸುತ್ತಿದ್ದಾರೆ ಎಂದು ಕಾಲೇಜಿನ ದಿನಗಳಲ್ಲಿ ಎಡಪಂಥೀಯರ ಕರಪತ್ರ ಓದಿ ನಿನಗೆ ಹೇಳಿದವನು ನಾನೇ.

ನಿನ್ನ ಕಂಪನಿಯೂ ವರ್ಷವರ್ಷ ನಿನ್ನನ್ನು ಹೀಗೆ ಕೂರಿಸುತ್ತಿತ್ತು. “ಏಟು ತಿಂದು ನಮಸ್ಕಾರ ಬೇರೆ ಮಾಡ್ತೀಯಲ್ಲ, ನಾಚಿಕೆ ಆಗಲ್ವಾ?” ಎಂದು ಒಂದು ಬೆಳಿಗ್ಗೆ ನಾನು ಹಂಗಿಸಿದ್ದೆ. ನೀನು ಚೀಲ ಎತ್ತಿಕೊಂಡು ಕೆಲಸಕ್ಕೆ ಹೋದೆ. ಅಂದೇ ಆಫೀಸಿನ ಮೇಜಿನ ಮೇಲೆ ಕುಸಿದ ನೀನು ಮತ್ತೆ ಏಳಲೇ ಇಲ್ಲ.

ಇವತ್ತು ಭಿಕ್ಷು ನನ್ನೆದುರು ಬಂದು ನಿಂತಾಗ ನಾನೇ ಕೈಮುಗಿದೆ. ಎರಡೂ ಹೆಗಲಿಗೆ ಏಟು ಬಿತ್ತು. ಬಗ್ಗಿ ನಮಸ್ಕರಿಸಿದೆ.

ಹೊರಗೆ ಬಂದಾಗ ಜೊತೆಗಾರ ತ್ಸುಕಾದಾ ನಕ್ಕ. “ಏನಪ್ಪಾ ಕ್ರಾಂತಿಕಾರಿ, ಚೆನ್ನಾಗಿ ಬಿತ್ತಾ?”

“ಹೂಂ,” ಎಂದೆ. ಇನ್ನೂ ಬೀಳಲಿ ಎಂದು ಕಾದಿದ್ದನ್ನು ಅವನಿಗೆ ಹೇಳಲಿಲ್ಲ.

ಸೋಜಿ